ಪೈಲ್ವಾನನ ಉಸಿರು

ಮನೆಯಿಂದ,
ಜನವರಿ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ, ನಿನ್ನ ಅಮ್ಮ ಬರೆಯುವುದು.

ಹೇಗಿದ್ದೀಯಪ್ಪಾ? ಊಟ ಮಾಡುತ್ತಿದ್ದೀಯಾ? ಹಡಗಿನ ಇಂಜಿನ್ ಕೋಣೆಯ ಸೆಕೆಯಲ್ಲಿ ಖಾಲಿ ಹೊಟ್ಟೆಯಲ್ಲಿ ನಿಲ್ಲಬೇಡ. ನಡುಸಮುದ್ರದಿಂದ ಎದ್ದು ಬಾ ಎಂದರೆ ಯಾರಿಗಾದರೂ ಆಗುವ ಕೆಲಸವೇ? ನೀನು ಬರಲಿಲ್ಲವೆಂದು ಇಲ್ಲಿ ಯಾರೂ ಒಂದು ಮಾತು ಅಂದಿಲ್ಲ. ಮೊನ್ನೆ ಫೋನಿನಲ್ಲಿ ನಿನ್ನ ಅಪ್ಪ "ಮಗು ಹೋಯ್ತು ಕಣೋ" ಎನ್ನುವಷ್ಟರಲ್ಲಿ ಲೈನ್ ಕಡಿದುಹೋಯಿತು. ಏನು, ಹೇಗೆ ಎಂದು ತಿಳಿಯದೆ ನೀನು ಅಲ್ಲಿ ಬೇಯುತ್ತಿರಬೇಕು. ಈ ಕಾಗದ ಮುಂದಿನ ಬಂದರಿನಲ್ಲಿ ಸಿಗುತ್ತದೆ ಎಂದು ಕಂಪನಿಯವರು ಹೇಳಿದ್ದಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲು ಬಂದದ್ದು ಬರೀ ನೆಗಡಿ. ನಿನ್ನ ದೊಡ್ಡವಳಿಗೆ, ನಮ್ಮ ಮಾತಿನಮಲ್ಲಿಗೆ, ಶಿಶುವಿಹಾರದಲ್ಲಿ ಅಂಟಿತು; ಅರ್ಧ ತರಗತಿಯೇ ಮೂಗು ಸೋರಿಸಿಕೊಂಡು ಕೂತಿತ್ತಂತೆ. ಆಮೇಲೆ ನನಗೂ ಅಪ್ಪನಿಗೂ ಒಂದೆರಡು ಸೀನು. ಕೊನೆಗೆ ಚಿಕ್ಕವನಿಗೆ. ನೀನು ಅವನನ್ನು ಫೋನಿನ ಪರದೆಯಲ್ಲಷ್ಟೇ ಕಂಡವನು. ಅಂಗೈಯಗಲ ಹುಟ್ಟಿದ್ದಕ್ಕೇ ನಿನ್ನ ಅಪ್ಪ ಅವನಿಗೆ ಪೈಲ್ವಾನ ಎಂದು ಹೆಸರಿಟ್ಟಿದ್ದರು. ಹಸಿವಾದರೆ ಮಾಡಿನ ಹಂಚು ಹಾರುವಂತೆ ಅಳುತ್ತಿದ್ದ. ಬೀದಿ ಕೊನೆಯ ಸೈಕಲ್ ಅಂಗಡಿಯವನೂ "ನಿಮ್ಮ ಪೈಲ್ವಾನ ಎದ್ದ" ಎನ್ನುತ್ತಿದ್ದ. ಅಂಥವನು ಎರಡು ಗುಟುಕು ಹಾಲಿಗೇ ಮೊಲೆ ಬಿಡತೊಡಗಿದ. ಮೂಗು ಕಟ್ಟಿದೆ ಎಂದುಕೊಂಡೆವು. ಮಾರನೆಯ ಬೆಳಗ್ಗೆ ನಿನ್ನ ಹೆಂಡತಿ ಅಂಗಿ ಬದಲಿಸುತ್ತಾ ಕರೆದಳು: "ಅತ್ತೆ, ಇಲ್ಲಿ ನೋಡಿ, ಎದೆ ಒಳಗೆ ಹೋಗ್ತಿದೆ." ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಉಟ್ಟ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದೆವು. ತಡ ಮಾಡಲಿಲ್ಲ ಮಗನೇ, ಅದು ನಿನಗೆ ಗೊತ್ತಿರಲಿ.

ಮಕ್ಕಳ ವಾರ್ಡಿನಲ್ಲಿ ಒಂದೊಂದು ಹಾಸಿಗೆಗೆ ಇಬ್ಬಿಬ್ಬರು. ಎಲ್ಲ ಕೂಸುಗಳಿಗೂ ಅದೇ ಕೆಮ್ಮು, ಮೂಗಿಗೆ ಅದೇ ನಳಿಗೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ದೊಡ್ಡವರಿಗೆ ನೆಗಡಿಯಾಗಿ ಹೋಗುವ ವೈರಸ್ಸೇ ಎಳೆಗೂಸುಗಳ ಶ್ವಾಸಕೋಶಕ್ಕಿಳಿದು ಅಲ್ಲಿನ ಸಣ್ಣ ಕೊಳವೆಗಳನ್ನು ಕಟ್ಟಿಬಿಡುತ್ತದೆ ಎಂದರು. ಔಷಧಿ ಎಲ್ಲಿ ಸಿಕ್ಕರೂ ತರುತ್ತೇನೆಂದು ನಿನ್ನ ಅಪ್ಪ ಹೊರಟು ನಿಂತೇಬಿಟ್ಟರು. "ತರೋಕೆ ಔಷಧಿ ಇಲ್ಲ ಅಜ್ಜಾ. ಆಕ್ಸಿಜನ್ ಕೊಡ್ತೀವಿ, ನೋಡ್ಕೋತೀವಿ. ಅವನು ದಣಿಯದೇ ಇರಬೇಕು, ಅಷ್ಟೇ." ಜೀವಮಾನವೆಲ್ಲ ಕೆಟ್ಟ ಪಂಪುಗಳನ್ನು ರಿಪೇರಿ ಮಾಡಿದ ಮನುಷ್ಯ, ಎರಡೂ ಕೈ ಇಳಿಬಿಟ್ಟು ಗೋಡೆಗೆ ಒರಗಿದರು.

ಅವನು ದಣಿದ. ಗುರುವಾರ ಅಳುವುದನ್ನೇ ನಿಲ್ಲಿಸಿದ. ಇವನೊಬ್ಬನಾದರೂ ಸುಮ್ಮನಿದ್ದಾನಲ್ಲ ಎಂದು ಪಕ್ಕದ ಕೂಸಿನ ತಾಯಿ, ಪಾಪ, ತಿಳಿಯದೆ ಅಂದಳು. ನಿನ್ನ ಹೆಂಡತಿ ಅವನ ಅಂಗಾಲು ತಿಕ್ಕುತ್ತಾ "ಅಳೋ ಕಂದಾ, ಒಂದ್ಸಲ ಅಳೋ" ಎನ್ನುತ್ತಿದ್ದಳು. ಉಸಿರಾಟದ ಯಂತ್ರ ಹಾಕಿದರು. ಶುಕ್ರವಾರ, ಇನ್ನು ಆಗದು ಎಂದು ಅದನ್ನೂ ತೆಗೆದು ಅವನನ್ನು ಅವಳ ತೋಳಿಗೆ ಕೊಟ್ಟರು. ಡಾಕ್ಟರಮ್ಮ ಪಕ್ಕದಲ್ಲಿ ಕೂತರು. ಅಷ್ಟರಲ್ಲಿ ಇನ್ನೊಂದು ಮಗುವಿಗೆ ಕರೆ ಬಂತು, ಎದ್ದುಹೋದರು. ಅವನನ್ನು ಕಳಿಸಿಕೊಟ್ಟು ನಾವು ಮನೆಗೆ ಬಂದೆವು.

ನಿನ್ನ ಹೆಂಡತಿಗೆ ಎದೆಹಾಲು ಇನ್ನೂ ನಿಂತಿಲ್ಲ. ಹಿಂಡಿ ಬಚ್ಚಲಿಗೆ ಚೆಲ್ಲಿ ಬಂದು ಗೋಡೆ ಕಡೆ ತಿರುಗಿ ಮಲಗುತ್ತಾಳೆ. ನಾನು ಬೆನ್ನು ಸವರುತ್ತಾ ಕೂರುತ್ತೇನೆ. ಬೇರೇನು ಮಾಡಬೇಕೋ ನನಗೆ ತಿಳಿಯದು.

ನೀನು ಚೆನ್ನಾಗಿರಪ್ಪಾ. ನಿನ್ನ ಜೊತೆಯವರು ನಿನ್ನನ್ನು ಒಂಟಿಯಾಗಿ ಬಿಡದಿರಲಿ.

ನಿನ್ನ ಅಮ್ಮ

ಇನ್ನೊಂದು ಮಾತು: ಅಪ್ಪ ಇದನ್ನು ಅಂಚೆ ಡಬ್ಬಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾರೆ. ಬಂದರಿನಿಂದ ಫೋನ್ ಮಾಡಿದಾಗ ಮೊದಲು ದೊಡ್ಡವಳನ್ನು ಕರೆ. ನಮ್ಮನ್ನು ನೋಡಲು ಬಂದವರು ನೆಗಡಿ ಮನೆಗೆ ಯಾರಿಂದ ಬಂತೆಂದು ಆಡಿದ್ದು ಅವಳ ಕಿವಿಗೆ ಬಿದ್ದಿದೆ. ಅಂದಿನಿಂದ ಅಮ್ಮನ ಹತ್ತಿರ ಹೋಗುತ್ತಿಲ್ಲ. ನಾನು ಕರೆದರೆ ಲಂಗದ ಅಂಚಿನಿಂದ ಬಾಯಿ ಮುಚ್ಚಿಕೊಂಡು, ದೂರದಲ್ಲೇ ನಿಂತು, "ಬರಬೇಡ ಅಜ್ಜಿ, ನೀನೂ ಹೋಗ್ಬಿಡ್ತೀಯ" ಅನ್ನುತ್ತಾಳೆ. ನಾವು ಎಷ್ಟು ಹೇಳಿದರೂ ನಂಬುತ್ತಿಲ್ಲ. ನೀನು ಹೇಳಿದರೆ ನಂಬಿಯಾಳೇನೋ.