ಅಳೆಯದ ಊರಿಗೆ ತುಂಬಿದ ಹಸಿರು

ಕರೆಗಲ್ಲುಪುರ
ಹದಿಮೂರನೆಯ ತಿಂಗಳ ನಾಲ್ಕನೇ ದಿನ, ೨೧೪೩

ನಕ್ಷೆ ಬರೆಯುವ ವಿಮಲಾಕ್ಷಿಯವರಿಗೆ,

ಹದಿಮೂರನೆಯ ತಿಂಗಳು ಯಾವುದೆಂದು ಹುಬ್ಬೇರಿಸಬೇಡಿ. ಬೇಸಿಗೆ ಉದ್ದವಾದ ಮೇಲೆ ನಾವೇ ಸೇರಿಸಿಕೊಂಡದ್ದು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನೇಸರಾ, ವಯಸ್ಸು ಅರವತ್ತೆಂಟು, ಇಲ್ಲಿನ ಅಳತೆಗೋಡೆ ನೋಡಿಕೊಳ್ಳುವವಳು. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ.

ಅಳತೆಗೋಡೆ ನಮ್ಮ ಬೀದಿಯ ಕೊನೆಯಲ್ಲಿದೆ. ದಿನಾ ಬೆಳಿಗ್ಗೆ ಪ್ರತಿ ಮನೆಯ ನೀರಿನಲ್ಲಿ ಮೂಳೆ ಬಾಗಿಸುವ ಫ್ಲೋರೈಡ್ ಎಷ್ಟಿದೆಯೆಂದು ನೋಡಿ, ಗೋಡೆಯ ಮೇಲೆ ಅಷ್ಟೆತ್ತರದ ಪಟ್ಟಿಯನ್ನು ಕೆಮ್ಮಣ್ಣಿನಲ್ಲಿ ಬಳಿಯುತ್ತೇವೆ. ಪಟ್ಟಿ ನೆಲದಿಂದಲೇ ಏಳಬೇಕು. ನಡುವಿನಿಂದ ಶುರುಮಾಡಿ ಚಿಕ್ಕ ವ್ಯತ್ಯಾಸವನ್ನು ಬೆಟ್ಟದಷ್ಟು ಮಾಡಿ ತೋರಿಸಿದವರನ್ನು ಮರುದಿನವೇ ಕೆಲಸದಿಂದ ಬಿಡಿಸುತ್ತೇವೆ. ಸೊನ್ನೆ ಬಂದರೆ ಬುಡದಲ್ಲಿ ಒಂದು ಗೆರೆ. ಅಳೆಯದ ಮನೆಗೆ ಗೆರೆಯೂ ಇಲ್ಲ, ‘ಗೊತ್ತಿಲ್ಲ’ ಎಂದು ಬರೆಯುತ್ತೇವೆ. ಆ ಪದ ಕಂಡರೆ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ. ಹೋದ ವಾರ ಹಾಗೆ ತಟ್ಟಿದ್ದಕ್ಕೇ, ಬಚ್ಚಲಲ್ಲಿ ಜಾರಿಬಿದ್ದಿದ್ದ ತಿಪ್ಪಮ್ಮ ಬದುಕಿಕೊಂಡರು.

ಕುಡಿಯುವ ನೀರನ್ನು ಶೋಧಿಸುತ್ತೇವೆ, ಆದರೆ ಹೊಲಕ್ಕೆ ಸಾಕಾಗುವಷ್ಟು ಶೋಧಿಸಲು ನಮ್ಮಿಂದಾಗದು; ಬೆಳೆಯ ಮೂಲಕ ಅದು ಮೈ ಸೇರುತ್ತದೆ. ಮೊಮ್ಮಗಳು ಹೊಂಬಾಳೆಗೆ ಆರು ವರ್ಷ, ಮೊಣಕಾಲುಗಳು ಆಗಲೇ ಒಳಕ್ಕೆ ಬಾಗಿವೆ. ನಮ್ಮ ಹಿರಿಯರು ಈ ಊರಿಗೆ ಬಂದಾಗ ನೀರು ಚೆನ್ನಾಗಿತ್ತು, ಬಾವಿ ಆಳ ಮಾಡಿಸಿ ನನ್ನಜ್ಜಿ ಕಾಳವ್ವನೇ ಕೆಡಿಸಿದಳು ಎಂದು ಊರೆಲ್ಲ ನಂಬಿತ್ತು. ಅಜ್ಜಿ ಸಾಯುವವರೆಗೂ ತಲೆ ಎತ್ತಿ ಓಡಾಡಲಿಲ್ಲ. ಜನ ತೋರಿಸುತ್ತಿದ್ದ ಸಾಕ್ಷಿ, ಅವರು ಬರುವ ಮೊದಲೇ ನೀವು ಬರೆದ ನೀರಿನ ನಕ್ಷೆ. ಅದರಲ್ಲಿ ನಮ್ಮ ತಾಲ್ಲೂಕು ಹಸಿರು, ಅಂದರೆ ಸುರಕ್ಷಿತ.

ಮೊನ್ನೆ ಅದರ ಮೂಲ ಪ್ರತಿ ಸಿಕ್ಕಿತು. ನಮ್ಮ ತಾಲ್ಲೂಕಿನ ಎದುರು ಅಂಕಿಯೇ ಇಲ್ಲ. ಅಂಚಿನಲ್ಲಿ ನಿಮ್ಮ ಕೈಬರಹ: ‘ಇಲ್ಲಿ ಯಾರೂ ಅಳೆದಿಲ್ಲ. ನಡುವೆ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ, ಹಸಿರು ತುಂಬಿದ್ದೇನೆ.’ ಕನ್ನಡಕ ಒರೆಸಿಕೊಂಡು ಐದು ಸಲ ಓದಿದೆ. ಚೆನ್ನಾಗಿ ಕಾಣಲಿ ಅಂತಲೇ, ತಾಯೀ? ನೀವು ಸುಳ್ಳುಗಾರ್ತಿಯಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನೀವು ಅಚ್ಚುಕಟ್ಟಿನ ಹೆಂಗಸು, ಅದೇ ನನಗೆ ಅರಗುತ್ತಿಲ್ಲ.

ಈ ಕಾಗದ ನಿಮ್ಮ ಕೈಸೇರಿದ ಮೇಲೆ ಬರುವ ಸೋಮವಾರ ನಿಮ್ಮ ನಕ್ಷೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಆ ಹಸಿರು ತೆಗೆದು, ಅಳೆದಿಲ್ಲ ಎಂದು ಬರೆಯಿರಿ.

ನೀವು ಹಾಗೆ ಬರೆದರೆ ಏನಾಗುತ್ತದೆಂದು ನನಗೆ ಅರಿವಿದೆ. ನನ್ನ ಗಂಡ ಮಾದೇಶನ ಹಿರಿಯರು ಕಡಲು ನುಂಗಿದ ಊರಿನವರು, ನಮ್ಮವರು ಬತ್ತಿದ ಬಯಲಿನವರು. ಎರಡೂ ಕಡೆಯವರು ಇಲ್ಲಿಗೆ ಬಂದದ್ದು ಆ ಹಸಿರು ನೋಡಿಯೇ. ಅದಿಲ್ಲದಿದ್ದರೆ ನಾವು ಭೇಟಿಯಾಗುವುದಿಲ್ಲ, ಹೊಂಬಾಳೆ ಹುಟ್ಟುವುದಿಲ್ಲ. ಎರಡು ದಿನ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಈ ಮಣ್ಣಿನಲ್ಲಿ ಇನ್ನೊಂದು ಮಗುವಿನ ಕಾಲು ಬಾಗುವುದು ಬೇಡ ಎಂದು ಇಂದು ಬೆಳಿಗ್ಗೆ ಮಾದೇಶನೇ ಕಾಗದ ತಂದುಕೊಟ್ಟ.

ಹೊಂಬಾಳೆ ಪಕ್ಕದಲ್ಲೇ ಕೂತಿದ್ದಾಳೆ. ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಿದಳು, ಗೆಳತಿಗೆ ಎಂದೆ. ತನ್ನ ಹೆಸರನ್ನೂ ಬರೆಯಬೇಕಂತೆ. ಬರೆದಿದ್ದೇನೆ.

ನೇಸರಾ, ಹೊಂಬಾಳೆ