ಪುನುಗು ಹತ್ತಿದ ಸೀರೆ

ಉದ್ದನಪಲ್ಲಿ
ಶುಕ್ರವಾರ

ನನ್ನ ವನಿತಕ್ಕನಿಗೆ,

ನಿಮ್ಮ ವಾರಗಿತ್ತಿ ಚಂದ್ರಲೇಖಾಳ ನಮಸ್ಕಾರ. ಫೋನಿರುವಾಗ ಇದೇನು ಕಾಗದ ಎಂದು ನಗಬೇಡಿ. ನಿಮ್ಮ ದನಿ ಕೇಳಿದರೆ ಮಳೆ, ಟೊಮೇಟೊ ಎಂದು ಏನೇನೋ ಮಾತಾಡಿ ಇಟ್ಟುಬಿಡುತ್ತೇನೆ. ಆರು ವರ್ಷದಿಂದ ಅದನ್ನೇ ಮಾಡಿದ್ದೇನೆ.

ಪುನುಗು ಬೆಕ್ಕಿನ ಗೂಡಿಗೆ ಅಗುಳಿ ಹಾಕದೆ ಬಂದವಳು ನಾನು, ಅಕ್ಕ.

ಮಾವ ಅದನ್ನು ಫಾರೆಸ್ಟಿನವರ ಕಣ್ಣು ತಪ್ಪಿಸಿ ಹಿತ್ತಲಲ್ಲಿ ಸಾಕಿದ್ದರಲ್ಲ. ಗೂಡಿನ ನಡುವಿನ ಕಟ್ಟಿಗೆಗೆ ಅದು ಮೈಯುಜ್ಜಿ ಬಿಟ್ಟ ಪುನುಗಿನ ಜಿಡ್ಡನ್ನು ಕೆರೆದು, ಎಣ್ಣೆಯಲ್ಲಿ ಬೆರೆಸಿ, ಶನಿವಾರ ತಿಮ್ಮರಾಯಸ್ವಾಮಿಗೆ ಹಚ್ಚಲು ಕೊಡುತ್ತಿದ್ದರು. ದೇವರಿಗೆ ಸಲ್ಲುವ ಮೊದಲು ಮನೆಯವರು ಮುಟ್ಟುವಂತಿರಲಿಲ್ಲ. ಬೆಕ್ಕಿಗೆ ಬಾಳೆಹಣ್ಣು ಇಡುವುದಷ್ಟೇ ನಿಮ್ಮ ಕೆಲಸ. ನಾನು ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ಅವತ್ತು ರಾಯಕೋಟೆಯಲ್ಲಿ ನನ್ನ ತಮ್ಮನ ನಿಶ್ಚಿತಾರ್ಥ. ತವರಿನವರ ಮುಂದೆ ಘಮಘಮ ಎಂದು ಓಡಾಡುವ ಹುಚ್ಚು ನನಗೆ. ಗೂಡು ತೆರೆದು ಕಡಲೆಕಾಳಿನಷ್ಟು ಕೆರೆದು ಜಡೆಗೆ ಸವರಿಕೊಂಡೆ. ಎಣ್ಣೆ ಸೇರದ ಹಸಿ ಪುನುಗು ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತದೆ ಎಂದು ಈ ಜಾಣೆಗೆ ಏನು ಗೊತ್ತು! ಗಾಬರಿಯಲ್ಲಿ ತಂತಿಯ ಮೇಲಿದ್ದ ಸೀರೆಗೆ ಕೈ ಒರೆಸಿ ಬಚ್ಚಲಿಗೆ ಓಡಿದೆ. ಅದು ನಿಮ್ಮ ಹಸಿರು ಸೀರೆ.

ನೀವು ಬಚ್ಚಲ ಬಾಗಿಲಿಗೆ ಬಂದಿರಿ. ಒಂದು ಸಲ ಮೂಸಿ, ಸೀಗೆಪುಡಿಯ ಬಟ್ಟಲು ಒಳಗಿಟ್ಟು ಹೇಳಿದಿರಿ: “ಬಿರ್ನೆ ತಲೆಗೆ ನೀರಾಕ್ಕೊ ಚಂದ್ರಾ. ಒಂದ್ಸಲ ಸಾಲ್ದು, ಎಲ್ಡು ಸಲ ಉಜ್ಜು.”

ನಾನು ಹೊರಬಂದಾಗ ಗೂಡು ಖಾಲಿ. ಮಾವನ ಕೈಯಲ್ಲಿ ಆ ಸೀರೆ. ಅಕ್ಕಪಕ್ಕದವರಿಗೆ ಕೇಳಿಸೀತೆಂದು ಅವರು ಕೂಗಲೂ ಇಲ್ಲ. “ದೇವ್ರಿಗೆ ಮಡಗಿದ್ದಕ್ಕೆ ಕೈಯಾಕ್ದೆಯಲ್ಲಮ್ಮ ವನಿತಾ. ಇನ್ ಮ್ಯಾಕೆ ನೀನು ದೀಪ ಅಚ್ಬ್ಯಾಡ.” ನೀವು ನನ್ನ ಒದ್ದೆ ತಲೆಯನ್ನು ನೋಡಿದಿರಿ. ನನ್ನ ಹೆಸರೆತ್ತದೆ ಮಾವನ ಕೈಯಿಂದ ಸೀರೆ ತೆಗೆದುಕೊಂಡಿರಿ. ನಾನು ತಲೆ ಒರೆಸಿಕೊಳ್ಳುತ್ತಲೇ ಇದ್ದೆ.

ಅವತ್ತಿನಿಂದ ದೇವರ ದೀಪ ನನ್ನ ಕೈಗೆ ಬಂತು. ವರ್ಷ ತುಂಬುವುದರೊಳಗೆ ಭಾವನ ಕೆಲಸಕ್ಕೆ ಅನುಕೂಲವೆಂದು ಹೇಳಿ ನೀವಿಬ್ಬರೂ ಬೇರಿಕೆ ಊರಿಗೆ ಹೋದಿರಿ. ನಿಮ್ಮ ಪಾತ್ರೆಗಳನ್ನು ಮೂಟೆ ಕಟ್ಟಿಕೊಟ್ಟವಳು ನಾನು. ಆಗಲೂ ಬಾಯಿ ಬಿಡಲಿಲ್ಲ. ಬೆಕ್ಕು ಹೋದದ್ದಕ್ಕೆ ನನಗೆ ಬೇಸರವಿಲ್ಲ, ಪಾಪ, ಆ ಗೂಡಿನಲ್ಲಿ ಸುತ್ತಿ ಸುತ್ತಿ ಅದರ ಕಾಲು ಹುಣ್ಣಾಗಿತ್ತು. ನನಗೆ ನಾಚಿಕೆ ನನ್ನ ಬಾಯಿಯದು. ಪ್ರತಿ ಸಂಜೆ ಬತ್ತಿ ಹೊಸೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇವತ್ತು ಬೆಳಿಗ್ಗೆ ಮಾವನಿಗೆ ಎಲ್ಲ ಹೇಳಿದೆ. “ವನಿತಂಗೆ ಗೊತ್ತಿತ್ತಾ?” ಎಂದರು. ಗೊತ್ತಿತ್ತು ಎಂದೆ. ಟವೆಲನ್ನು ಮುಖಕ್ಕೆ ಒತ್ತಿಕೊಂಡು ಕೂತರು. ಆಮೇಲೆ ಚಪ್ಪಲಿ ಹುಡುಕತೊಡಗಿದರು.

ಈ ಕಾಗದ ತಂದುಕೊಟ್ಟವರು ಅವರೇ. ನಿಮ್ಮ ಬಾಗಿಲಲ್ಲಿ ಏನು ಹೇಳಬೇಕೆಂದು ತಿಳಿಯದೆ ನಿಂತಿರುತ್ತಾರೆ. ಮೊದಲು ಅವರನ್ನು ಒಳಗೆ ಕರೆದು ನೀರು ಕೊಡಿ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಆದರೆ ಇಲ್ಲಿಗೆ ಬಂದು ಬೈಯಿರಿ. ಎಣ್ಣೆ, ಬತ್ತಿ ಇಟ್ಟಿದ್ದೇನೆ. ಇವತ್ತು ಸಂಜೆ ದೀಪ ನಾನು ಹಚ್ಚುವುದಿಲ್ಲ.

ತಿಮ್ಮರಾಯ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ ಮುಂದೆ ತಲೆಯೆತ್ತಲಾರದ,
ಚಂದ್ರಾ