ಲೈಟ್ ಹಾಕಿದರೆ ಏರುವ ಮುಳ್ಳು

ಕೆಲಗೇರಿ, ಧಾರವಾಡ
ಅಕ್ಟೋಬರ್ ೫, ೨೦೨೪

ಪ್ರೀತಿಯ ಯಲ್ಲೇಶಣ್ಣಾ,

ಇಷ್ಟು ದಿನ ಯಾರಿಗೂ ಹೇಳದ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಹೋದ ಚಳಿಗಾಲದಲ್ಲಿ ಗರಗದ ರಸ್ತೆಯಲ್ಲಿ ನಮ್ಮ ಪಿಕಪ್ ಗಾಡಿಯ ಇಂಜಿನ್ ಕುದ್ದು ನಿಂತು, ನೀನು ಅದನ್ನು ಎಳೆಸಿಕೊಂಡು ಬಂದಾಗ ಅಪ್ಪ ಅಂಗಳದಲ್ಲಿ ಬೈದನಲ್ಲ, “ರೇಡಿಯೇಟರ್ ನೀರ ನೋಡಲಾರದ ಗಾಡಿ ಹೊಡಿಯಾಂವ ನನ್ನ ಮಗಾ ಅಲ್ಲ” ಅಂತ, ಆಗ ಅವ್ವನ ಹಿಂದೆ ನಿಂತಿದ್ದ ನಾನೂ ಮನಸ್ಸಿನಲ್ಲಿ ಅಪ್ಪನ ಕಡೆಗೇ ಇದ್ದೆ. ಮರುದಿನ ನೀನು ಕೊಲ್ಲಾಪುರಕ್ಕೆ ಹೊರಟಾಗ ಅತ್ತದ್ದು ಖರೇ. ನಿನ್ನ ಮಾತು ನಂಬಿದ್ದೆ ಎಂಬುದು ಮಾತ್ರ ಸುಳ್ಳು.

ಹೇಗಿದ್ದೀ? ಅಲ್ಲಿಯ ಊಟ ಹಿಡಿಸಿದೆಯೇ? ಮೈಯಲ್ಲಿ ಆರಾಮ ಇದ್ದೀ ಅಂತ ಅಲ್ಲಿಂದ ರಜೆಗೆ ಬಂದಿರುವ ನಿನ್ನ ಗೆಳೆಯ ಅಸ್ಫಾಕ ಹೇಳಿದ, ಆದರೆ ಅವನು ಅವ್ವನ ಮುಂದೆ ಎಲ್ಲದಕ್ಕೂ ಆರಾಮ ಅಂತಲೇ ಹೇಳುತ್ತಾನೆ. ನಮ್ಮ ಫೋನ್ ನೀನು ಎತ್ತುವುದಿಲ್ಲವಾದ್ದರಿಂದ ಇವತ್ತು ಸಂಜೆ ಬಸ್ಸಿಗೆ ಹೊರಟಿರುವ ಅವನ ಕೈಯಲ್ಲೇ ಈ ಪತ್ರ ಕೊಡುತ್ತಿದ್ದೇನೆ. ಅವ್ವ ಆರಾಮ. ಅಪ್ಪನ ಮಾತು ಕಡಿಮೆಯಾಗಿದೆ.

ಇನ್ನು ಗಾಡಿಯ ಸುದ್ದಿ. ನೀನು ಹೋದ ಮೇಲೆ ಗುಲಾಬಸಾಬ ಕಾಕಾ ರಾಯಾಪುರದ ತಮ್ಮ ಗ್ಯಾರೇಜಿನಲ್ಲಿ ಗ್ಯಾಸ್ಕೆಟ್ ಬದಲಿಸಿದರು, ರೇಡಿಯೇಟರ್ ತೊಳೆದರು. ಆದರೂ ಸಂಜೆಯಾದರೆ ಗಾಡಿ ಬಿಸಿಯಾಗುತ್ತಲೇ ಇತ್ತು. “ಇದಕ್ಕ ಸಂಜಿಜ್ವರ ಬಂದೈತಿ, ದವಾಖಾನಿಗೆ ಒಯ್ರಿ” ಎಂದು ಕಾಕಾ ನಕ್ಕರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಗಲಿಗೂ ಸಂಜೆಗೂ ಏನು ಫರಕು? ಸಂಜೆ ಲೈಟ್ ಹಾಕುತ್ತೇವೆ, ಅಷ್ಟೇ. ಆಗ ನೀನು ಅಂಗಳದಲ್ಲಿ ಕೂಗಿದ್ದು ನೆನಪಾಯಿತು: “ಲೈಟ್ ಹಾಕಿದ ಕೂಡ್ಲೇ ಮುಳ್ಳ ಏರತೈತೋ ಯಪ್ಪಾ!” ಅದಕ್ಕೆ ಅಪ್ಪ, “ಲೈಟಿಗೂ ನೀರಿಗೂ ಏನ್ ಬೀಗತನಾನ?” ಎಂದಿದ್ದ.

ನಿನ್ನೆ ಅಪ್ಪ ಪೇಟೆಗೆ ಹೋದಾಗ ಗಾಡಿಯನ್ನು ಅಂಗಳದಲ್ಲೇ ಚಾಲೂ ಮಾಡಿ ನೋಡಿದೆ. ಹೆಡ್‌ಲೈಟ್ ಹಾಕಿದೆ, ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಜಿಗಿಯಿತು. ಆರಿಸಿದೆ, ಇಳಿಯಿತು. ನೀರು ಚಿಟಿಕೆ ಹೊಡೆಯುವಷ್ಟರಲ್ಲಿ ಕಾದು ಆರುವುದುಂಟೇ? ಅಂದರೆ ಮುಳ್ಳು ಸುಳ್ಳು ಹೇಳುತ್ತಿದೆ. ಆದರೆ ಗಾಡಿ ಕುದ್ದದ್ದು ಸುಳ್ಳಲ್ಲವಲ್ಲ! ಬಾನೆಟ್ ಎತ್ತಿ ಮತ್ತೆ ಲೈಟ್ ಹಾಕಿದೆ. ರೇಡಿಯೇಟರಿನ ಮುಂದೆ ನೀರು ತಣಿಸುವ ಕರೆಂಟಿನ ಫ್ಯಾನು ದಣಿದವರಂತೆ ತಿರುಗತೊಡಗಿತು. ಹಾರ್ನಿನ ದನಿಯೂ ಸಣ್ಣಗಾಯಿತು. ಎಲ್ಲಕ್ಕೂ ಕರೆಂಟು ಹೋಗುವ ದಾರಿ ಬೇರೆ ಬೇರೆ, ಬ್ಯಾಟರಿಗೆ ತಿರುಗಿ ಬರುವ ದಾರಿ ಒಂದೇ, ಗಾಡಿಯ ಮೈ, ಅಂದರೆ ಚಾಸಿಯ ಕಬ್ಬಿಣ. ಬ್ಯಾಟರಿಯ ಮೈನಸ್ಸಿನಿಂದ ಒಂದು ದಪ್ಪ ವೈರನ್ನು ಚಾಸಿಯ ಬರಿ ಕಬ್ಬಿಣಕ್ಕೆ ಮುಟ್ಟಿಸಿದೆ. ಅಣ್ಣಾ, ಫ್ಯಾನು ಗುಂಯ್ ಎಂದಿತು! ಲೈಟ್ ಉರಿಯುತ್ತಿದ್ದರೂ ಮುಳ್ಳು ಅಲುಗಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಲೈಟ್ ಹಾಕಿಕೊಂಡು ತೆವಳುತ್ತಿದ್ದ ನಿನ್ನ ಗಾಡಿಗೆ ಅವತ್ತು ಫ್ಯಾನಿನ ಗಾಳಿಯೇ ಸಿಕ್ಕಿರಲಿಲ್ಲ. ನೀರು ನೀನು ನೋಡೇ ಹೋಗಿದ್ದೆ.

ಬ್ಯಾಟರಿಯನ್ನು ಚಾಸಿಗೆ ಕೂಡಿಸುವ ಅರ್ಥಿಂಗ್ ವೈರಿನ ಬೋಲ್ಟ್ ಬಿಚ್ಚಿದೆ. ಅದರ ಕೆಳಗೆ ಕಬ್ಬಿಣ ಕಾಣಲಿಲ್ಲ, ದಪ್ಪಗೆ ಕರಿ ಬಣ್ಣ ಕಂಡಿತು. ಕರೆಂಟು ತಿರುಗಿ ಬರುವ ದಾರಿಗೆ ಅದೇ ಅಡ್ಡವಾಗಿತ್ತು. ದಸರೆಯ ಖಂಡೇಪೂಜೆಗೆ ಅಪ್ಪ ಚಾಸಿಗೆ ಬಣ್ಣ ಹಚ್ಚುವ ರೀತಿ ನಿನಗೆ ಗೊತ್ತೇ ಇದೆ. ದೇವರ ಕೆಲಸದಲ್ಲಿ ಕಳ್ಳತನ ಬೇಡವೆಂದು ಒಂದೊಂದು ಬೋಲ್ಟನ್ನೂ ಬಿಚ್ಚಿ, ಅದರ ಅಡಿಗೂ ಬಣ್ಣ ಹಚ್ಚಿ ಮತ್ತೆ ಬಿಗಿಯುತ್ತಾನೆ. ಹೋದ ವರ್ಷ ಇದನ್ನೂ ಬಿಟ್ಟಿರಲಿಲ್ಲ.

ಅಪ್ಪ ಬಂದಾಗ ಬೋಲ್ಟ್ ಕೈಯಲ್ಲಿಟ್ಟೆ. ಲೈಟ್ ಹಾಕಿ, ಆರಿಸಿ ತೋರಿಸಿದೆ. ಅವನು ತಾನೂ ಹಾಕಿ ನೋಡಿದ, ಮತ್ತೂ ಹಾಕಿ ನೋಡಿದ. ಆಮೇಲೆ ಸೀಟಿನಲ್ಲೇ ಕೂತು, “ಮಾಯಾ, ಬಣ್ಣ ಹಚ್ಚಿದಾಂವ ನಾನ, ಹೌದಿಲ್ಲ?” ಎಂದ. ಹೌದು ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಬರುವುದಿಲ್ಲ.

ಅವ್ವ ನಿನಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ.

ನಿನ್ನ ತಂಗಿ,
ಮಾಯಾ

ತಾ.ಕ.: ಅಸ್ಫಾಕ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಬಣ್ಣದ ಈ ಸುದ್ದಿ ಬರೆಯಬೇಡ ಎಂದಿದ್ದಾನೆ ಅಪ್ಪ, “ನಾನ ಎದುರಿಗೆ ನಿಂತು ಹೇಳತೇನಿ” ಅಂತ. ಬರೆಯುತ್ತೇನೆ ಎಂದು ಅವನಿಗೆ ಹೇಳಿಯೇ ಬರೆಯುತ್ತಿದ್ದೇನೆ. ಅವನಿಗೆ ಮಾತು ಲಗೂ ಹೊರಡುವುದಿಲ್ಲ, ಮುಗಿಯುವತನಕ ನೀನು ಎದ್ದುಹೋಗಬೇಡ. ನಾಳೆ ಬೆಳಿಗ್ಗೆ ಅಪ್ಪ, ನಾನು ಬಣ್ಣ ಕೆರೆದು ಬೋಲ್ಟ್ ಬಿಗಿದ ಅದೇ ಗಾಡಿಯಲ್ಲಿ ಕೊಲ್ಲಾಪುರಕ್ಕೆ ಹೊರಡುತ್ತೇವೆ.